ಏನೂ ಆಗದವರ ಡಬ್ಬಗಳು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೇರೆಯವರು ಹೇಗೂ ಹೇಳುತ್ತಾರೆ. ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿಯಲ್ಲಿ ಕೂತು ಫೋನ್ ಎತ್ತುತ್ತಿದ್ದೇನೆ. ದೊಡ್ಡಾಸ್ಪತ್ರೆಯ ಮೂರನೇ ಮಹಡಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಬಾಗಿಲ ಮೇಲೆ ‘ವಿಷ ಮಾಹಿತಿ ಕೇಂದ್ರ’ ಎಂಬ ಬೋರ್ಡು. ಬೋರ್ಡು ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಒಳಗೆ ಬಂದರೆ ಮೂರು ಫೋನು, ನಾಲ್ಕು ಕುರ್ಚಿ, ಎರಡು ಕಪಾಟು ಪುಸ್ತಕ, ಒಂದು ಕಂಪ್ಯೂಟರು, ಒಂದು ಟೀ ಕೆಟಲು. ಪಕ್ಕದ ಕೋಣೆಯ ಯಂತ್ರ ತಿರುಗಿದಾಗಲೆಲ್ಲ ನಮ್ಮ ಗೋಡೆ ನಡುಗುತ್ತದೆ.

ಯಾರಾದರೂ ತಿನ್ನಬಾರದ್ದನ್ನು ತಿಂದರೆ, ಕುಡಿಯಬಾರದ್ದನ್ನು ಕುಡಿದರೆ, ಮನೆಯವರು ನಮಗೆ ಫೋನ್ ಮಾಡುತ್ತಾರೆ. ಮಗು ಬಳಪ ನುಂಗಿತು, ಅಜ್ಜಿ ಅಜ್ಜನ ಮಾತ್ರೆ ನುಂಗಿದರು, ಯಜಮಾನರು ನೀರಿನ ಬಾಟಲಿ ಅಂದುಕೊಂಡು ನೆಲ ಒರೆಸುವ ದ್ರವ ಗುಟುಕರಿಸಿದರು. ನಾವು ನಾಲ್ಕು ಪ್ರಶ್ನೆ ಕೇಳುತ್ತೇವೆ. ಏನು, ಎಷ್ಟು, ಯಾವಾಗ, ಈಗ ಹೇಗಿದ್ದಾರೆ. ಆಮೇಲೆ ಹೇಳುತ್ತೇವೆ: ಈಗಲೇ ಆಸ್ಪತ್ರೆಗೆ ಓಡಿ, ಇಲ್ಲವೇ ಬಾಯಿ ತೊಳೆಸಿ ಮನೆಯಲ್ಲೇ ಇರಿ. ಇಪ್ಪತ್ತರಲ್ಲಿ ಹತ್ತೊಂಬತ್ತು ಜನಕ್ಕೆ ಮನೆಯಲ್ಲೇ ಇರಿ ಅನ್ನುವುದೇ ನಮ್ಮ ಕೆಲಸ. ಕೇಳಲು ಸುಲಭ. ಆದರೆ ಯಾವ ಇಪ್ಪತ್ತನೆಯವರನ್ನು ಓಡಿಸಬೇಕು ಅಂತ ತಿಳಿಯಲು ಆ ಎರಡು ಕಪಾಟು ಪುಸ್ತಕವೂ ಬೇಕು, ತಲೆಯೂ ಬೇಕು.

ಕೇಂದ್ರದ ಮುಖ್ಯಸ್ಥರು ನಮ್ಮ ಡಾಕ್ಟರು. ತಲೆ ನೆರೆತಿದೆ, ಕನ್ನಡಕವನ್ನು ದಿನಕ್ಕೆ ಮೂರು ಸಲ ಕಳೆದುಕೊಳ್ಳುತ್ತಾರೆ, ಆದರೆ ಯಾವ ಮಾತ್ರೆ ಎಷ್ಟು ಹೊತ್ತಿಗೆ ಏನು ಮಾಡುತ್ತದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ನನ್ನ ಎದುರು ಕುರ್ಚಿಯವನು ನಿಧಾನಪ್ಪ. ಹೆಸರಿಟ್ಟವಳು ನಾನೇ. ಅವನು ‘ಹಲೋ’ ಅನ್ನುವಷ್ಟರಲ್ಲಿ ನಾನು ಒಂದು ಕರೆ ಮುಗಿಸಿರುತ್ತೇನೆ. ಇನ್ನೊಬ್ಬಳು ರಾತ್ರಿ ಪಾಳಿಯವಳು. ಅವಳನ್ನು ನಾನು ಬೆಳಿಗ್ಗೆ ಎಂಟಕ್ಕೆ, ಆಕಳಿಸುತ್ತಾ ಚಪ್ಪಲಿ ಹುಡುಕುವಾಗ ಮಾತ್ರ ನೋಡಿದ್ದೇನೆ.

ಒಂದೊಂದು ಕರೆಗೂ ಒಂದೊಂದು ಕಾರ್ಡು. ಡಾಕ್ಟರದು ಒಂದು ನಿಯಮವಿದೆ: ಫೋನಿನಲ್ಲಿ ನಡೆದದ್ದನ್ನೆಲ್ಲ ನಡೆದ ಹಾಗೇ ಬರೆಯಬೇಕು, ಮುಂದಿನ ಪಾಳಿಯವರಿಗೆ ತಿಳಿಯಬೇಕಲ್ಲ. ಎರಡು ಗಂಟೆ ಬಿಟ್ಟು ನಾವೇ ಫೋನ್ ಮಾಡಿ ವಿಚಾರಿಸಬೇಕು. ಮಾರನೇ ಬೆಳಿಗ್ಗೆ ಇನ್ನೊಂದು ಸಲ. ಎಲ್ಲ ಸರಿಯಿದ್ದರೆ ಕಾರ್ಡಿನ ಕೊನೆಗೆ ‘ಏನೂ ಆಗಲಿಲ್ಲ’ ಎಂದು ಬರೆದು ಡಬ್ಬಕ್ಕೆ ಹಾಕುವುದು. ಡಬ್ಬ ಅಂದರೆ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ. ನನ್ನ ಗಂಡ ದರ್ಜಿ, ಅಂಗಡಿಯಲ್ಲಿ ಗುಂಡಿ ತುಂಬಿಡಲು ಅವನ್ನು ಗುಡ್ಡೆ ಹಾಕಿಕೊಂಡಿದ್ದರು. ತಿಂಗಳಿಗೊಂದರಂತೆ ನಾನು ಎತ್ತಿಕೊಂಡು ಬಂದೆ. ಐದು ವರ್ಷದ ಕಾರ್ಡು ಇಟ್ಟುಕೊಳ್ಳಬೇಕೆಂದು ಆಸ್ಪತ್ರೆಯ ನಿಯಮ, ಹಾಗಾಗಿ ನಮ್ಮ ಕೇಂದ್ರದ ಹಳೆಯ ಬಚ್ಚಲುಮನೆಯ ಅಟ್ಟದ ಮೇಲೆ ಸದಾ ಅರವತ್ತು ಡಬ್ಬ.

ಆಸ್ಪತ್ರೆಗೆ ಕಳಿಸಿದವರ ಕಾರ್ಡು ಮಾತ್ರ ಬೇರೆ ಕಡತಕ್ಕೆ. ತಿಂಗಳ ಕೊನೆಗೆ ಅದನ್ನು ಎಣಿಸಿ ಇಲಾಖೆಗೆ ವರದಿ ಕಳಿಸುವವಳು ನಾನು.

ಆ ದಿನ ಇಲಾಖೆಯಿಂದ ಕಾಗದ ಬಂತು. ಡಾಕ್ಟರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿ, ನನ್ನ ಮುಂದೆ ಇಟ್ಟರು. ವರದಿಗಳ ಪ್ರಕಾರ ಈ ಕೇಂದ್ರಕ್ಕೆ ದಿನಕ್ಕೆ ಸರಾಸರಿ ಒಂದು ಕರೆ ಬರುತ್ತಿದೆ. ಸರ್ಕಾರದ ಅನುದಾನ ಈ ತಿಂಗಳಿಗೆ ಮುಗಿಯುತ್ತದೆ. ಮುಂದುವರಿಸುವ ಅಗತ್ಯವಿದೆಯೇ ಎಂದು ನೋಡಲು ಅಧಿಕಾರಿಯೊಬ್ಬರು ಗುರುವಾರ ಬರುತ್ತಾರೆ. ಅಗತ್ಯವಿಲ್ಲವೆಂದಾದರೆ ಕರೆಗಳನ್ನು ಸಾಮಾನ್ಯ ಆರೋಗ್ಯ ಸಹಾಯವಾಣಿಗೆ ತಿರುಗಿಸಲಾಗುವುದು. ಕೇಂದ್ರದ ಮಹಿಳಾ ಸಿಬ್ಬಂದಿಯೊಬ್ಬರು ಒರಟಾಗಿ ಗದರಿದರೆಂದು ಸಾರ್ವಜನಿಕರೊಬ್ಬರು ಕೊಟ್ಟಿರುವ ದೂರನ್ನೂ ಅದೇ ದಿನ ವಿಚಾರಿಸಲಾಗುವುದು.

ಸಾಮಾನ್ಯ ಸಹಾಯವಾಣಿ ನನಗೆ ಗೊತ್ತು. ಒಂದು ಒತ್ತಿ, ಎರಡು ಒತ್ತಿ, ನಿಮ್ಮ ಕರೆ ನಮಗೆ ಅಮೂಲ್ಯ, ಆಮೇಲೆ ಪೀಪಿ ಸಂಗೀತ. ಮಗುವಿನ ಬಾಯಲ್ಲಿ ನೊರೆ ನೋಡುತ್ತಿರುವ ತಾಯಿ ಪೀಪಿ ಕೇಳುತ್ತಾ ಕೂರಬೇಕೇ? ನನಗೆ ಮೈಯೆಲ್ಲ ಉರಿದುಹೋಯಿತು.

“ದಿನಕ್ಕೆ ಒಂದು ಕರೆ ಅಂತ ಯಾರು ಹೇಳಿದ್ದು ಸಾರ್? ಯಾವ ಪುಣ್ಯಾತ್ಮ?”

“ನೀನೇ ಕಣಮ್ಮ,” ಅಂದರು ಡಾಕ್ಟರು.

ಹಳೆಯ ವರದಿಗಳ ಪ್ರತಿ ತೆಗೆದು ತೋರಿಸಿದರು. ಇಲಾಖೆಯ ನಮೂನೆಯಲ್ಲಿ ಎರಡೇ ಸಾಲು. ಮೊದಲನೆಯದು, ಆಸ್ಪತ್ರೆಗೆ ಕಳಿಸಿದವರು. ಎರಡನೆಯದು, ಇತರೆ. ಮೊದಲ ಸಾಲಿನಲ್ಲಿ ಮೂವತ್ತೊಂದು, ಇಪ್ಪತ್ತೆಂಟು, ಮೂವತ್ತನಾಲ್ಕು. ಎರಡನೇ ಸಾಲಿನಲ್ಲಿ ತಿಂಗಳು ತಿಂಗಳೂ ಒಂದು ಅಡ್ಡಗೆರೆ. ನನ್ನದೇ ಕೈಯ ಗೆರೆ, ಅಳತೆಪಟ್ಟಿ ಇಟ್ಟು ಎಳೆದದ್ದು.

“ಏನೂ ಆಗದೇ ಇದ್ದಿದ್ದನ್ನ ಏನಂತ ಬರೆಯೋದು ಸಾರ್?” ಅಂದೆ. ಹತ್ತೊಂಬತ್ತು ವರ್ಷ ನಾನು ಹಾಗೇ ಅಂದುಕೊಂಡಿದ್ದೆ. ಬಳಪ ತಿಂದ ಮಗು ಆಟ ಆಡುತ್ತಿದೆ ಎಂದು ಸರ್ಕಾರಕ್ಕೆ ಬರೆಯುವುದು ಜಂಬ ಕೊಚ್ಚಿಕೊಂಡ ಹಾಗೆ ಅನಿಸುತ್ತಿತ್ತು.

“ನಾನೂ ಸಹಿ ಹಾಕಿದೀನಿ ಬಿಡು. ನೋಡದೇ ಹಾಕಿದೀನಿ,” ಎಂದು ಡಾಕ್ಟರು ಪೆಚ್ಚಾಗಿ ನಕ್ಕರು. “ಈಗ ತಿಂಗಳಿಗೆ ಐನೂರು ಕರೆ ಬರತ್ತೆ ಅಂದ್ರೆ, ಬಾಗಿಲು ಮುಚ್ಚೋ ಹೊತ್ತಿಗೆ ಲೆಕ್ಕ ಹುಟ್ಟಿಸ್ತಾರೆ ಅಂತಾರೆ.”

ಸಂಜೆ ಮನೆಗೆ ಹೋದಾಗ ನನ್ನ ಗಂಡ ಅಂಗಡಿಯ ಮುಂದೆ ಇಸ್ತ್ರಿ ಹಾಕುತ್ತಿದ್ದರು. ಅಂಗಡಿಯ ಹಿಂದೆಯೇ ನಮ್ಮ ಮನೆ.

“ಏನೇ, ಮುಖ ಯಾಕೆ ಹೀಗೆ ಊದಿದೆ? ಇವತ್ತು ಬೈಯೋಕೆ ಯಾರೂ ಸಿಗಲಿಲ್ವಾ?”

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಅವರು ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಪಕ್ಕದಲ್ಲಿ ಕೂತರು.

“ಸರಿಯಾಗಿ ಹೊಲಿದ ಅಂಗೀನ ಯಾರಾದ್ರೂ ವಾಪಸ್ ತಂದು ತೋರಿಸ್ತಾರೇನೆ? ಬಿಗಿಯಾದೋರು, ಸಡಿಲಾದೋರು ಮಾತ್ರ ಬರೋದು. ಹಾಗಂತ ನಾನು ತಿಂಗಳಿಗೆ ಎರಡೇ ಅಂಗಿ ಹೊಲಿದೆ ಅಂತಾನಾ? ಅಳತೆ ಪುಸ್ತಕದಲ್ಲಿ ಎಲ್ಲರದೂ ಇದೆ. ನಿನ್ನ ಹತ್ರ ನನ್ನ ಡಬ್ಬಗಳಿಲ್ವಾ?”

“ಇವೆ ರೀ. ಅದೇ ಕಷ್ಟ.”

“ಕಷ್ಟ ಯಾಕೆ?”

“ನಡೆದಿದ್ದನ್ನೆಲ್ಲ ಬರೀಬೇಕು ಅಂತ ನಿಯಮ. ನಾನು ಗದರಿದಾಗೆಲ್ಲ ‘ಗದರಿದೆ’ ಅಂತ ಬರ್ದಿದೀನಿ.”

ಅವರು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ನನಗೂ ನಗು ಬಂತು. ಆದರೆ ಲೈನು ಉಳಿಯಬೇಕಾದರೆ ಡಬ್ಬ ತೋರಿಸಬೇಕು, ಡಬ್ಬ ತೋರಿಸಿದರೆ ನನ್ನ ಕೆಲಸಕ್ಕೆ ನಾನೇ ಕಲ್ಲು ಹಾಕಿಕೊಂಡ ಹಾಗೆ.

ಮಾರನೇ ದಿನ ನಿಧಾನಪ್ಪ ಒಂದು ಉಪಾಯ ಹೇಳಿದ. ಹೇಳಿ ಮುಗಿಸಲು ಐದು ನಿಮಿಷ ತೆಗೆದುಕೊಂಡ.

“ಅಕ್ಕಾ... ನಾನೊಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ... ಇತ್ತೀಚಿನ ಆರು ಡಬ್ಬ ಸಾಕು ತೋರಿಸೋಕೆ. ಗದರಿದೆ ಅಂತ ಇರೋ ಕಾರ್ಡುಗಳನ್ನ... ನಾನು ಕೂತು ಬೇರೆ ಕಾರ್ಡಿಗೆ ಇಳಿಸ್ತೀನಿ. ‘ತಿಳಿಹೇಳಿದೆ’ ಅಂತ ಬರೀತೀನಿ.”

ಅವನ ಕಣ್ಣಲ್ಲಿ ನನ್ನ ಮೇಲಿನ ಕಾಳಜಿ ಎಷ್ಟಿತ್ತೆಂದರೆ ನಾನು ಬೈಯಲಿಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಒಂದು ಕಾರ್ಡು ತಿದ್ದಿದರೆ ಅರವತ್ತು ಡಬ್ಬವೂ ಸುಳ್ಳಾಗುತ್ತವೆ.

“ಬೇಡ ಕಣೋ. ಬರೆದಿದ್ದು ಬರೆದ ಹಾಗೇ ಇರ್ಲಿ. ಏಣಿ ತಗೊಂಬಾ.”

ಗುರುವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿ ಬಂದರು. ನನ್ನ ಮಗಳ ವಯಸ್ಸಿನ ಹೆಂಗಸು, ಇಸ್ತ್ರಿ ಮುರಿಯದ ಬಟ್ಟೆ, ಕೈಯಲ್ಲಿ ಕಡತ. ನಗುವುದಕ್ಕೂ ಸರ್ಕಾರದ ಮಂಜೂರಾತಿ ಬೇಕೇನೋ ಅನ್ನುವಂಥ ಮುಖ. ನಾಲ್ಕನೇ ಕುರ್ಚಿಯಲ್ಲಿ ಕೂತು, “ನೀವು ನಿಮ್ಮ ಕೆಲಸ ಮಾಡ್ತಾ ಇರಿ, ನಾನು ನೋಡ್ತೀನಿ,” ಅಂದರು.

ಫೋನು ಹೊಡೆದುಕೊಂಡಿತು. ದೂರಿನ ಕಾಗದ ಅವರ ತೊಡೆಯ ಮೇಲಿದೆ, ನಾನು ಇವತ್ತು ಬಾಯಿಗೆ ಬೀಗ ಹಾಕಿಕೊಂಡೇ ಬಂದಿದ್ದೆ. ಬೆಣ್ಣೆಯಂಥ ದನಿ ತೆಗೆದು, “ನಮಸ್ಕಾರ, ವಿಷ ಮಾಹಿತಿ ಕೇಂದ್ರ, ಹೇಳಿ, ನಾನು ನಿಮಗೆ ಹೇಗೆ ನೆರವಾಗಲಿ?” ಅಂದೆ. ನಿಧಾನಪ್ಪ ತಲೆ ಎತ್ತಿ ಬಿಟ್ಟ ಕಣ್ಣು ಬಿಟ್ಟ ಹಾಗೇ ನನ್ನನ್ನು ನೋಡಿದ.

ಆ ಕಡೆ ಒಬ್ಬ ಅಜ್ಜಿ. ಮೂರು ಮೊಮ್ಮಕ್ಕಳನ್ನು ನೋಡಿಕೊಳ್ಳುವವರು, ತಿಂಗಳಿಗೊಮ್ಮೆಯಾದರೂ ನಮಗೆ ಫೋನ್ ಮಾಡುವವರು. ಚಿಕ್ಕದು ಸೊಸೆಯ ತುಟಿಬಣ್ಣ ಅರ್ಧ ತಿಂದುಬಿಟ್ಟಿದೆ.

“ಗಾಬರಿಯಾಗಬೇಡಿ ತಾಯಿ,” ಅಂದೆ. “ಮಗು ಈಗ ಹೇಗಿದೆ, ದಯವಿಟ್ಟು ತಿಳಿಸ್ತೀರಾ?”

ಅಜ್ಜಿ, “ಯಾಕಮ್ಮ ಹೀಗೆ ಮಾತಾಡ್ತಿದೀಯ? ಮಗೂಗೆ ಏನಾದ್ರೂ ಆಗ್ಬಿಡತ್ತಾ? ಯಾವಾಗ್ಲೂ ಬೈಯೋ ಅಮ್ಮ ಎಲ್ಲಿ ಹೋದ್ರು?” ಎಂದು ಅಳಲು ಶುರು ಮಾಡಿದರು.

ನನ್ನ ಬೀಗ ಬಿಚ್ಚಿಹೋಯಿತು. “ಏನಜ್ಜಿ ನೀವು! ಹೋದ ತಿಂಗಳು ಮೇಣದಬತ್ತಿ, ಈ ತಿಂಗಳು ತುಟಿಬಣ್ಣ! ಆ ಮೇಜಿನ ಖಾನೆಗೆ ಚಿಲಕ ಹಾಕ್ಸಿ ಅಂತ ಎಷ್ಟು ಸಲ ಬಡ್ಕೊಂಡೆ? ಬಾಯಿ ಒರೆಸಿ, ಸ್ವಲ್ಪ ನೀರು ಕುಡಿಸಿ. ಏನೂ ಆಗಲ್ಲ. ಎರಡು ಗಂಟೆ ಬಿಟ್ಟು ನಾನೇ ಮಾಡ್ತೀನಿ, ಅಷ್ಟರಲ್ಲಿ ಚಿಲಕ ಇರ್ಬೇಕು!”

“ಅಬ್ಬ, ನೀನೇನಾ! ಜೀವ ಬಂತು ನೋಡು,” ಎಂದು ಅಜ್ಜಿ ನಿಟ್ಟುಸಿರು ಬಿಟ್ಟು ಫೋನ್ ಇಟ್ಟರು.

ನಾನು ಕಾರ್ಡು ತೆಗೆದುಕೊಂಡು ಬರೆದೆ. ಅಧಿಕಾರಿ ಎದ್ದು ಬಂದು ನನ್ನ ಭುಜದ ಹಿಂದೆ ನಿಂತು ಓದಿದರು. ನನ್ನ ಕೈ ಆಗಷ್ಟೇ ‘ಗದರಿದೆ’ ಎಂದು ಬರೆದಿತ್ತು.

“ಈ ಕಾರ್ಡು ಎಲ್ಲಿಗೆ ಹೋಗತ್ತೆ?” ಎಂದು ಕೇಳಿದರು.

“ಡಬ್ಬಕ್ಕೆ, ಮೇಡಂ.”

ಗೋಡೆಯುದ್ದಕ್ಕೂ ಜೋಡಿಸಿಟ್ಟಿದ್ದ ಡಬ್ಬಗಳ ಮೇಲಿನ ಬಟ್ಟೆಯನ್ನು ನಿಧಾನಪ್ಪ ಸರಿಸಿದ. ಅಧಿಕಾರಿ ತಮಗೆ ಬೇಕಾದ ಒಂದನ್ನು ತಾವೇ ಆರಿಸಿಕೊಂಡರು. ಮುಚ್ಚಳ ಬಿಗಿಯಾಗಿತ್ತು, ಟೀ ಚಮಚದ ಹಿಡಿಯಿಂದ ಎಬ್ಬಿಸಿದೆ. ಅವರು ಮೇಜಿನ ಮೇಲೆ ಸುರಿದುಕೊಂಡು ಒಂದೊಂದೇ ಓದತೊಡಗಿದರು. ಬಳಪ, ಏನೂ ಆಗಲಿಲ್ಲ. ಹಲ್ಲುಜ್ಜುವ ಪೇಸ್ಟು, ಏನೂ ಆಗಲಿಲ್ಲ. ರಕ್ತದೊತ್ತಡದ ಮಾತ್ರೆ ಎರಡು ಸಲ ನುಂಗಿದ ತಾತ, ಮೂರು ಸಲ ಫೋನ್, ಏನೂ ಆಗಲಿಲ್ಲ. ಗದರಿದೆ, ಏನೂ ಆಗಲಿಲ್ಲ. ಓದುತ್ತಾ ಎಣಿಸುತ್ತಾ ಒಂದು ಗಂಟೆ ಕೂತರು. ಆ ಒಂದು ಗಂಟೆಯಲ್ಲಿ ಇನ್ನೂ ಮೂರು ಕರೆ ಬಂದವು. ಅದರಲ್ಲೊಂದು ಗುಂಡಿಯಂಥ ಬ್ಯಾಟರಿ ನುಂಗಿದ ಮಗುವಿನದು. ಆ ಮನೆಯವರಿಗೆ ನಾನು ಒಂದೇ ಉಸಿರಿಗೆ ಹತ್ತಿರದ ಆಸ್ಪತ್ರೆಗೆ ಓಡಿ ಅಂದೆ. ಡಾಕ್ಟರು ಇನ್ನೊಂದು ಫೋನಿನಲ್ಲಿ ಆ ಆಸ್ಪತ್ರೆಗೆ ಮುಂಚೆಯೇ ತಿಳಿಸಿದರು.

“ಐನೂರ ಹನ್ನೆರಡು,” ಅಂದರು ಅಧಿಕಾರಿ. “ಈ ಒಂದು ತಿಂಗಳಲ್ಲಿ. ವರದೀಲಿ ಮಾತ್ರ ಇಪ್ಪತ್ತೊಂಬತ್ತು. ಇವರೆಲ್ಲ ನೀವು ಇಲ್ದೇ ಇದ್ರೆ ಎಲ್ಲಿಗೆ ಹೋಗ್ತಿದ್ರು?”

ಡಾಕ್ಟರು ಎದ್ದು ಕಿಟಕಿ ತೆರೆದರು. ಕೆಳಗೆ ತುರ್ತು ಚಿಕಿತ್ಸೆಯ ಬಾಗಿಲು, ಬಾಗಿಲಿಂದ ಗೇಟಿನವರೆಗೆ ಸಾಲು. “ಅಲ್ಲಿಗೆ,” ಅಂದರು.

ಅಧಿಕಾರಿ ಕಿಟಕಿಯ ಬಳಿ ಬಂದು ಸಾಲನ್ನು ಗೇಟಿನವರೆಗೂ ಎಣಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. “ಇಷ್ಟು ಕಾರ್ಡಲ್ಲಿ ‘ಗದರಿದೆ’ ಅಂತ ಎಷ್ಟು ಸಲ ಬರ್ದಿದೀರಿ?”

“ಗದರಿದಷ್ಟು ಸಲ, ಮೇಡಂ.”

ಅವರು ದೂರಿನ ಕಾಗದ ತೆಗೆದು ತಾರೀಖು ಓದಿ, ಆ ದಿನದ ಕಾರ್ಡು ಕೇಳಿದರು. ನನಗೆ ಹುಡುಕುವ ಅಗತ್ಯವೇ ಇರಲಿಲ್ಲ. ಮೂರು ವರ್ಷದ ಹುಡುಗಿ, ಹೊಸ ಬೂಟಿನ ಪೆಟ್ಟಿಗೆಯಲ್ಲಿ ತೇವ ಹೀರಲೆಂದು ಇಡುವ ಹರಳಿನ ಪೊಟ್ಟಣ ಕಚ್ಚಿದ್ದಾಳೆ. ಆ ಹರಳಿನಿಂದ ಹೊಟ್ಟೆಗೆ ಏನೂ ಆಗುವುದಿಲ್ಲ. ಆದರೆ ಅಪ್ಪ ವಾಂತಿ ಮಾಡಿಸಲೆಂದು ಒಂದು ದೊಡ್ಡ ಲೋಟ ಉಪ್ಪುನೀರು ಕಲಸಿಟ್ಟುಕೊಂಡಿದ್ದ. ಐದು ಚಮಚ ಉಪ್ಪು! ಅಷ್ಟು ಉಪ್ಪು ಅಷ್ಟು ಚಿಕ್ಕ ಮಗುವಿನ ಜೀವಕ್ಕೇ ಎರವಾಗಬಹುದು. ಮೊದಲು ಮೆಲ್ಲಗೆ ಹೇಳಿದೆ, ಕೇಳಲಿಲ್ಲ. ಬಾಯಿ ತೆಗಿ ಪುಟ್ಟಾ, ಕುಡಿ ಅನ್ನುವುದು ಫೋನಿನಲ್ಲೇ ಕೇಳಿಸಿತು. ಆಗ ನಾನು ಕಿರುಚಿದ್ದು ಪಕ್ಕದ ಕೋಣೆಯ ಯಂತ್ರವನ್ನೂ ಮೀರಿಸಿತ್ತು.

ಅಧಿಕಾರಿ ಕಾರ್ಡನ್ನು ಗಟ್ಟಿಯಾಗಿ ಓದಿದರು. “ಎರಡು ಸಲ ತಿಳಿಹೇಳಿದೆ. ಕೇಳಲಿಲ್ಲ. ಗದರಿದೆ. ಲೋಟ ಕೆಳಗಿಟ್ಟರು. ಎರಡು ಗಂಟೆ ಬಿಟ್ಟು, ಆಟ. ಬೆಳಿಗ್ಗೆ, ಆಟ. ಏನೂ ಆಗಲಿಲ್ಲ.” ಓದಿ, ನಮ್ಮದೇ ಫೋನಿನಿಂದ ದೂರು ಕೊಟ್ಟವರ ನಂಬರ್ ಒತ್ತಿ, ಎಲ್ಲರಿಗೂ ಕೇಳಿಸುವ ಹಾಗೆ ಮೇಜಿನ ಮೇಲಿಟ್ಟರು.

ತಾವು ಇಂಥವರೆಂದು ಹೇಳಿ, “ನಿಮ್ಮ ದೂರಿನ ಬಗ್ಗೆ ಕೇಳೋಣ ಅಂತ ಮಾಡಿದೆ,” ಅಂದರು.

“ಹೌದು ಮೇಡಂ, ನಾನೇ ಕೊಟ್ಟಿದ್ದು,” ಅಂದಿತು ಆ ದನಿ. “ಆವಮ್ಮ ನನಗೆ ‘ಲೋಟ ಕೆಳಗಿಡ್ರೀ, ತಲೆ ನೆಟ್ಟಗಿದೆಯಾ’ ಅಂದ್ರು. ನನ್ನ ಹೆಂಡ್ತಿ ಮುಂದೆ, ನಮ್ಮತ್ತೆ ಮುಂದೆ! ನಮ್ಮತ್ತೆ ಇವತ್ತಿಗೂ ಅದೇ ಮಾತು ಹೇಳಿ ಆಡ್ಕೋತಾರೆ.”

“ಮಗು ಹೇಗಿದೆ?”

“ಚೆನ್ನಾಗಿದಾಳೆ. ನೋಡಿ, ಗೋಡೆ ಮೇಲೆ ಗೀಚ್ತಿದಾಳೆ.”

“ಈ ಲೈನನ್ನ ಮುಚ್ಚೋ ಆಲೋಚನೆ ಇದೆ. ನಿಮ್ಮ ಅಭಿಪ್ರಾಯ ಏನು?”

ನಾನು ಫೋನಿನ ಹತ್ತಿರಕ್ಕೆ ಬಗ್ಗಿದೆ.

“ಮುಚ್ಚೋದಾ? ಯಾಕೆ ಮುಚ್ತೀರಿ? ಮಾರನೇ ದಿನ ಬೆಳಿಗ್ಗೆ ಎಂಟೂವರೆಗೆ ಫೋನ್ ಮಾಡಿ ಮಗು ಆಡ್ತಿದೆಯಾ ಅಂತ ಕೇಳಿದ್ದು ಆವಮ್ಮ ಒಬ್ರೇ. ನನ್ನ ಸ್ವಂತ ಅಣ್ಣ ಕೇಳಲಿಲ್ಲ. ಆ ನಂಬರನ್ನ ಅಡುಗೆಮನೆ ಗೋಡೆಗೆ ಅಂಟಿಸಿದೀನಿ. ಅದನ್ನ ಮುಟ್ಬೇಡಿ ಮೇಡಂ.”

“ಹಾಗಾದ್ರೆ ದೂರು ವಾಪಸ್ ತಗೋತೀರಾ?”

“ಇಲ್ಲ ಇಲ್ಲ, ದೂರು ದೂರೇ. ತಲೆ ನೆಟ್ಟಗಿದೆಯಾ ಅಂತ ಅನ್ನಬಾರದಿತ್ತು.”

ಡಾಕ್ಟರು ಕನ್ನಡಕ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದರು. ಅವರ ಭುಜ ಕುಲುಕುತ್ತಿತ್ತು. ಅಧಿಕಾರಿಯ ಮುಖದಲ್ಲೂ ನಗು ಬಂದೇಬಿಟ್ಟಿತು, ಮಂಜೂರಾತಿ ಇಲ್ಲದೆ.

ಹತ್ತು ದಿನ ಬಿಟ್ಟು, ಗಡುವಿಗೆ ಎರಡು ದಿನ ಇರುವಾಗ ಕಾಗದ ಬಂತು. ಅನುದಾನ ಮತ್ತೆ ಐದು ವರ್ಷಕ್ಕೆ. ಹಗಲು ಪಾಳಿಗೆ ಇನ್ನೊಂದು ಕುರ್ಚಿ, ಕುರ್ಚಿಗೊಬ್ಬರು ಮನುಷ್ಯರು. ಕಾಗದದ ಜೊತೆ ವರದಿಯ ಹೊಸ ನಮೂನೆ. ಅದರಲ್ಲಿ ‘ಇತರೆ’ ಇರಲಿಲ್ಲ. ಆ ಜಾಗದಲ್ಲಿ ‘ಏನೂ ಆಗದವರು’ ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಅಡ್ಡಗೆರೆ ಎಳೆಯಬಾರದು ಎಂಬ ಸೂಚನೆ. ನಾನು ಅದನ್ನು ಮೂರು ಸಲ ಓದಿದೆ. ಹೊಟ್ಟೆ ತಣ್ಣಗಾಯಿತು. ನಿಧಾನಪ್ಪ ಎಲ್ಲರಿಗೂ ಟೀ ಮಾಡಿದ, ಅದು ಬರುವಷ್ಟರಲ್ಲಿ ಊಟದ ಹೊತ್ತಾಗಿತ್ತು.

ಕಾಗದದ ಕೊನೆಗೆ ಇನ್ನೊಂದು ಸಾಲಿತ್ತು. ಸಂಬಂಧಪಟ್ಟ ಸಿಬ್ಬಂದಿ ದೂರುದಾರರಿಗೆ ಲಿಖಿತವಾಗಿ ಕ್ಷಮೆ ಕೇಳತಕ್ಕದ್ದು.

ಬರೆಯಲು ಕೂತೆ. ಡಾಕ್ಟರು ‘ವಿಷಾದಿಸುತ್ತೇನೆ’ ಅಂತ ಬರಿ ಅಂದರು. ನಿಧಾನಪ್ಪ ‘ತಮ್ಮ ಮನಸ್ಸಿಗೆ ನೋವಾಗಿದ್ದಲ್ಲಿ’ ಎಂದು ಶುರು ಮಾಡಿ ಅಲ್ಲೇ ಯೋಚಿಸುತ್ತಾ ಕೂತ. ಎರಡು ಹಾಳೆ ಹರಿದುಹಾಕಿದೆ. ನನ್ನ ಕೈಗೆ ಬರುವುದು ಕಾರ್ಡಿನ ಭಾಷೆ ಮಾತ್ರ. ಆದ್ದರಿಂದ ಒಂದು ಕಾರ್ಡನ್ನೇ ತೆಗೆದುಕೊಂಡೆ. ಉಪ್ಪುನೀರಿನ ಆ ದಿನ ಫೋನಿನಲ್ಲಿ ಕೇಳಿದ ಟಕ್ ಎಂಬ ಸದ್ದು ನೆನಪಾಯಿತು. ಬೈಸಿಕೊಂಡು, ಹೆಂಡತಿಯ ಮುಂದೆ, ಅತ್ತೆಯ ಮುಂದೆ ಮರ್ಯಾದೆ ಕಳೆದುಕೊಂಡು, ಗುರುತಿಲ್ಲದ ಹೆಂಗಸಿನ ಮಾತು ನಂಬಿ ಆ ಮನುಷ್ಯ ಕೈಯಲ್ಲಿದ್ದುದನ್ನು ಮೇಜಿನ ಮೇಲೆ ಇಟ್ಟಿದ್ದ. ಕಿರುಚುವುದು ನನಗೆ ಸುಲಭ. ಅವನು ಮಾಡಿದ್ದು ಸುಲಭವಲ್ಲ.

‘ಗದರಿದ್ದಕ್ಕೆ ಕ್ಷಮಿಸಿ,’ ಎಂದು ಬರೆದೆ. ‘ಲೋಟ ಕೆಳಗಿಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್.’

ಲಕೋಟೆಗೆ ಅಂಟು ಹಚ್ಚುತ್ತಿರುವಾಗ ಫೋನು ಹೊಡೆದುಕೊಂಡಿತು. ಲಕೋಟೆಯನ್ನು ನಿಧಾನಪ್ಪನ ಕೈಗೆ ಕೊಟ್ಟು ನಾನು ಎತ್ತಿಕೊಂಡೆ.